ಷರಾ ಕಾಲಮಿನಲ್ಲಿ ನಾನು ಬರೆದ ಎರಡು ಪದ

ನಿವೃತ್ತಿಯಾದ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೈಕಿನಲ್ಲಿ ಒಬ್ಬರು "ಇಷ್ಟು ವರ್ಷದ ಸೇವೆಯಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲ" ಎಂದರು. ಚುಕ್ಕೆ ಇತ್ತು. ಹೇಳಿದವರಿಗೂ ಗೊತ್ತಿತ್ತು, ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರಿಗೂ ಗೊತ್ತಿತ್ತು. ನಾನೂ ಏನೂ ಅರಿಯದವಳಂತೆ ಕೈಮುಗಿದು, ಕೊಟ್ಟ ಜಾಮೂನು ತಿಂದು ಮನೆಗೆ ಬಂದೆ. ಆ ಜಾಮೂನು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಸರ್ಕಾರಿ ಲ್ಯಾಬಿಗೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ವರ್ಗ ಎಲ್ಲಿಗಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಆ ಪುಸ್ತಕದಲ್ಲಿ ಇಲ್ಲದ್ದು ಇಷ್ಟು: ನಾನು ರಿಜಿಸ್ಟರಿನಲ್ಲಿ ಬರೆದ ಎರಡು ಪದದಿಂದ ಕೆಂಪಮ್ಮ ಎಂಬ ಆಯಾ ಕೆಲಸ ಕಳೆದುಕೊಂಡಳು. ಅದೇ ಹಾಳೆಯಲ್ಲಿ ಬರೆದ ಇನ್ನೆರಡು ಪದದಿಂದ ನಿಂಗರಾಜು ಎಂಬ ಚೀಟಿ ಕೌಂಟರಿನವನು ಸಾವಿನ ಬಾಗಿಲಿಗೆ ಹೋಗಿ ಬಂದ. ಇದನ್ನು ಯಾರೂ ವಿಚಾರಣೆ ಮಾಡಲಿಲ್ಲ, ಆದ್ದರಿಂದ ನಾನೇ ಮಾಡಿಕೊಳ್ಳುತ್ತಿದ್ದೇನೆ.

ನನ್ನ ಹೆಸರು ಶಾಹಿದಾ. ಮದ್ದೂರಿನವಳು. ಅಪ್ಪ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದರು. ನಾನು ಹೆಚ್ಚು ಕಾಲ ದುಡಿದದ್ದು ಮಂಡ್ಯ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಯಾವುದು ಎಂದು ಬರೆಯುವುದಿಲ್ಲ, ಅಲ್ಲಿ ಈಗಲೂ ಒಳ್ಳೆಯ ಮಕ್ಕಳು ಕೆಲಸ ಮಾಡುತ್ತಿದ್ದಾರೆ. ನಮ್ಮ ಕಡೆ ಜನ ಶಾಹಿದಾ ಎನ್ನಲು ಹೋಗಿ "ಸಾಯಿದಮ್ಮ" ಎನ್ನುತ್ತಿದ್ದರು. ಹೆಸರು ಗೊತ್ತಿಲ್ಲದವರಿಗೆ ನಾನು "ರಕ್ತದ ಮೇಡಮ್ಮ".

ಲ್ಯಾಬು ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆ. ಅಲ್ಲಿ ನನಗೆ ಕೆಲಸ ಕಲಿಸಿದವರು ಚನ್ನಪ್ಪನವರು, ಹಿರಿಯ ಟೆಕ್ನಿಷಿಯನ್. ಸೂಜಿ ಹಾಕಿದರೆ ಮಗುವಿಗೂ ಗೊತ್ತಾಗದಂಥ ಕೈ. ಬಾಯಿ ಮಾತ್ರ ಅದಕ್ಕೆ ತದ್ವಿರುದ್ಧ. ಮೊದಲ ವಾರವೇ ರಿಜಿಸ್ಟರು ಬಿಡಿಸಿ ಕೂರಿಸಿಕೊಂಡರು. ಕ್ರಮಸಂಖ್ಯೆ, ಹೆಸರು, ಊರು, ಪರೀಕ್ಷೆ, ಫಲಿತಾಂಶ. ಕೊನೆಯಲ್ಲಿ ಷರಾ ಎಂದು ಒಂದು ಕಾಲಮು. ನಾನು ಫಲಿತಾಂಶದ ಸಂಖ್ಯೆ ಬರೆದು ಷರಾ ಜಾಗ ಖಾಲಿ ಬಿಟ್ಟಿದ್ದೆ.

"ಇದ್ಯಾಕ್ಲಾ ಬರಿದು ಬುಟ್ಟಿದ್ದೀಯ?" ಎಂದರು. ಅವರಿಗೆ ಗಂಡು ಹೆಣ್ಣು ಎಲ್ಲರೂ ಲಾ. "ಡಾಕ್ಟ್ರು ಸಂಖ್ಯೆ ಓದಲ್ಲ ಕಣಮ್ಮ. ಅವ್ರ ಕಣ್ಣು ಸೀದಾ ಕೊನೇ ಮನೆಗೆ ಓಯ್ತದೆ. ಅಲ್ಲೊಂದು ಮಾತು ಬರ್ದುಬುಡು. ಅವ್ರಿಗೂ ಸುಲ್ಬ, ನಮ್ಗೂ ಸುಲ್ಬ."

ಬರೆದೆ. "ರಕ್ತ ಕಡಿಮೆ." "ಸಕ್ಕರೆ ಇದೆ." "ಏನೂ ಇಲ್ಲ." ಹೊರಗಡೆ ಸಾಲು ಆಸ್ಪತ್ರೆ ಗೇಟಿನವರೆಗೆ ನಿಂತಿರುವಾಗ ಡಾಕ್ಟರಿಗೆ ಸಂಖ್ಯೆ ಓದಿ ಯೋಚಿಸುವಷ್ಟು ಪುರುಸೊತ್ತು ಎಲ್ಲಿತ್ತು? ಷರಾ ಖಾಲಿ ಬಿಡುವವಳು ಸೋಮಾರಿ, ತುಂಬುವವಳು ಚುರುಕು ಎಂದು ನಾನೂ ನಂಬಿದೆ. ಎಷ್ಟು ಚುರುಕಾದೆ ಎಂದರೆ ಡಾಕ್ಟರು ರೋಗಿಗೆ ನನ್ನ ಮಾತನ್ನೇ ತಮ್ಮ ಮಾತು ಎಂಬಂತೆ ಹೇಳುತ್ತಿದ್ದರು, ನನಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಗೆ ಚನ್ನಪ್ಪನವರೇ ಒಂದು ಏಟು ಕೊಟ್ಟರು. ಬೆಸಗರಹಳ್ಳಿ ಕಡೆಯ ಒಬ್ಬ ರೈತ ನಡುಗುತ್ತ ಬಂದಿದ್ದ. ಮಲೇರಿಯಾ ನೋಡಲು ರಕ್ತದ ಸ್ಲೈಡು ಮಾಡಿದೆ. ಬಸ್ಸಿನ ಹೊತ್ತಾಗಿತ್ತು. ಅರ್ಧ ಸ್ಲೈಡು ನೋಡಿ "ಮಲೇರಿಯಾ ಇಲ್ಲ" ಎಂದು ಷರಾ ಬರೆದು ಕೈಚೀಲ ಹೆಗಲಿಗೇರಿಸಿದೆ. ಚನ್ನಪ್ಪನವರು ಸುಮ್ಮನೆ ಸ್ಲೈಡಿನ ಮಿಕ್ಕ ಅರ್ಧ ನೋಡಿದರು. ಅಲ್ಲಿ ಇತ್ತು.

"ನಂಗೆ ಕಾಣ್ನಿಲ್ಲ ಅಂತ ಬರೀಬೇಕಾಗಿತ್ತು. ಇಲ್ಲ ಅಂತ ಬರಿಯಾಕೆ ನೀನ್ಯಾರು?" ಎಂದರು. ಅವತ್ತು ಬಸ್ಸು ತಪ್ಪಿತು, ಬೈಗುಳ ತಪ್ಪಲಿಲ್ಲ. ಅವರು ಕಲಿಸಿದ ಮೊದಲನೆಯ ಪಾಠವನ್ನು ನಾನು ಜೀವನಪರ್ಯಂತ ಪಾಲಿಸಿದೆ, ಎರಡನೆಯದನ್ನು ಮಲೇರಿಯಾ ಸ್ಲೈಡಿಗೆ ಮಾತ್ರ ಮೀಸಲಿಟ್ಟೆ. ನನ್ನ ಬುದ್ಧಿಗೆ ಏನು ಹೇಳಲಿ.

ಕಾಲ ಹೋದಂತೆ ಕೆಲಸದ ಪದ್ಧತಿ ಬದಲಾಯಿತು. ಮೊದಲು ಬಣ್ಣ ನೋಡಿ ಕಣ್ಣಳತೆಯಲ್ಲಿ ಹೇಳುತ್ತಿದ್ದುದನ್ನು ಯಂತ್ರ ಅಚ್ಚು ಹಾಕಿ ಕೊಡತೊಡಗಿತು. ಅಚ್ಚಾಗಿ ಬಂದದ್ದನ್ನು ಜನ ಪ್ರಶ್ನೆ ಮಾಡುವುದಿಲ್ಲ. ಫ್ಲೂ ಜ್ವರ ಬಂದ ವರ್ಷಗಳಲ್ಲಿ ಮೂಗು ಗಂಟಲಿನಿಂದ ಕಡ್ಡಿಯಲ್ಲಿ ಒರೆಸಿದ ದ್ರವವನ್ನು ಬೆಂಗಳೂರಿಗೆ ಕಳಿಸಬೇಕಾಗಿತ್ತು. ವಾಹನ ಇಲ್ಲ, ಇದ್ದರೂ ಡೀಸೆಲ್ ಇಲ್ಲ. ಥರ್ಮಕೋಲ್ ಡಬ್ಬಕ್ಕೆ ಐಸು ತುಂಬಿ ನಾನೇ ಬಸ್ಸು ಹತ್ತುತ್ತಿದ್ದೆ. ಒಂದು ಸಲ ಮದ್ದೂರಿನಲ್ಲಿ ಕಂಡಕ್ಟರು ಡಬ್ಬ ನೋಡಿ ಮೂಗು ಮುರಿದ.

"ಮೀನಾ ಮೇಡಂ? ಮೀನಾದ್ರೆ ಮೇಲಾಕಿ."

"ಮೀನಲ್ಲಪ್ಪ, ಫ್ಲೂ ಜ್ವರ" ಎಂದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದು, "ಅಂಗಾರೆ ನೀವೂ ಮೇಲೇ ಕೂತ್ಕಳಿ" ಎಂದ. ಇಡೀ ಬಸ್ಸು ನಕ್ಕಿತು. ಚನ್ನಪಟ್ಟಣ ದಾಟುವವರೆಗೆ ನನ್ನ ಪಕ್ಕದ ಸೀಟಿಗೆ ಯಾರೂ ಕೂರಲಿಲ್ಲ.

ಈಗ ಕೆಂಪಮ್ಮನ ಮಾತು. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವಳು. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಏಜೆನ್ಸಿ ಮೂಲಕ ಬಂದ ಗುತ್ತಿಗೆ ಆಯಾ. ಜ್ವರದ ವಾರ್ಡು ಎಂದರೆ ಅವಳೇ. ವಾಂತಿ ಬಳಿಯುವುದು, ಕೆಮ್ಮುವವರ ಬೆನ್ನು ನೀವುವುದು, ಗಂಜಿ ಕುಡಿಸುವುದು, ಹೆದರಿದವರಿಗೆ ಬೈದು ಧೈರ್ಯ ಹೇಳುವುದು. ಒಂದು ವರ್ಷ ಅವಳಿಗೇ ಫ್ಲೂ ಗಟ್ಟಿಯಾಗಿ ಹತ್ತಿ, ಅದೇ ವಾರ್ಡಿನಲ್ಲಿ ಹತ್ತು ದಿನ ಮಲಗಿದ್ದಳು. ಕಡ್ಡಿ ಹಾಕಿ ಪರೀಕ್ಷೆಗೆ ಕಳಿಸಿದವಳು ನಾನೇ. ಆಮೇಲೆ ಪ್ರತಿ ಹಂಗಾಮಿನಲ್ಲೂ ಸುತ್ತಲಿನವರು ಒಬ್ಬರಾದ ಮೇಲೆ ಒಬ್ಬರು ಹಾಸಿಗೆ ಹಿಡಿದರೂ ಕೆಂಪಮ್ಮ ಹಿಡಿಯುತ್ತಿರಲಿಲ್ಲ.

"ನಿನಗೆ ಬರೋದೇ ಇಲ್ವಾ ಕೆಂಪಮ್ಮ?" ಎಂದು ಕೇಳಿದ್ದೆ.

"ಬತ್ತದೆ ಕಣವ್ವ, ಬರದೆ ಏನು. ಒಂದಿನ ಮೂಗು ಸೋರ್ತದೆ, ಮೈ ಬೆಚ್ಚಗಾಯ್ತದೆ. ಬಿಸ್ನೀರು ಕುಡ್ದು ಮಲಿಕ್ಕಂಡ್ರೆ ಬೆಳಿಗ್ಗೆ ಓಗಿರ್ತದೆ."

ಇದು ಬರೀ ಮಾತಲ್ಲ, ನಾವೆಲ್ಲ ವರ್ಷಗಟ್ಟಲೆ ಕಣ್ಣಾರೆ ನೋಡಿದ್ದು. ಆದರೆ ಕಣ್ಣಾರೆ ನೋಡಿದ್ದಕ್ಕೆ ರಿಜಿಸ್ಟರಿನಲ್ಲಿ ಕಾಲಮು ಇರಲಿಲ್ಲ.

ಕೊರೋನಾಕ್ಕೆ ಕೆಲವು ವರ್ಷ ಹಿಂದಿನ ಮಾತು. ಬೆಂಗಳೂರಿನ ಒಂದು ಕಾಲೇಜಿನವರು ಆಸ್ಪತ್ರೆ ಸಿಬ್ಬಂದಿಯ ರಕ್ತ ಬೇಕೆಂದು ಬಂದರು. ಫ್ಲೂ ವೈರಸ್ಸಿನ ವಿರುದ್ಧ ರಕ್ತದಲ್ಲಿ ಎಷ್ಟು ಪ್ರತಿಕಾಯ ಇದೆ ಎಂದು ಅಳೆಯುವ ಸರ್ವೆ. ಪ್ರತಿಕಾಯ ಎಂದರೆ ವೈರಸ್ಸಿನ ಹೊರಮೈಗೆ ಅಂಟಿಕೊಂಡು ಅದನ್ನು ತಡೆಯುವ, ನಮ್ಮ ದೇಹವೇ ತಯಾರಿಸುವ ವಸ್ತು. ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರ ರಕ್ತವನ್ನೂ ನಾನೇ ತೆಗೆದುಕೊಟ್ಟೆ. ಕೆಲವು ತಿಂಗಳ ಮೇಲೆ ಫಲಿತಾಂಶ ಬಂತು. ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಸಂಖ್ಯೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಹಿಂದಿನ ಹಂಗಾಮಿನ ವೈರಸ್ಸಿನ ವಿರುದ್ಧದ ಅಳತೆ ಮಾತ್ರ, ಒಬ್ಬ ವ್ಯಕ್ತಿಗೆ ರಕ್ಷಣೆ ಇದೆಯೋ ಇಲ್ಲವೋ ಎಂದು ಇದರಿಂದ ತೀರ್ಮಾನಿಸಬಾರದು ಎಂಬ ಸೂಚನೆ.

ಆ ಸಣ್ಣ ಅಕ್ಷರವನ್ನು ನಾನು ಓದಿದೆ. ಓದಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಓದಿ, ರಿಜಿಸ್ಟರಿಗೆ ಇಳಿಸುವಾಗ ಬಿಟ್ಟೆ, ಏಕೆಂದರೆ ಅದಕ್ಕೆ ಜಾಗ ಇರಲಿಲ್ಲ. ಸಂಖ್ಯೆ ಬರೆದೆ. ಷರಾ ಕಾಲಮು ಬಾಯಿ ತೆರೆದುಕೊಂಡು ಕೂತಿತ್ತು. ಸಂಖ್ಯೆ ಹೆಚ್ಚಿದ್ದವರ ಮುಂದೆ "ರಕ್ಷಣೆ ಇದೆ" ಎಂದು ಬರೆದೆ. ಕಡಿಮೆ ಇದ್ದವರ ಮುಂದೆ "ರಕ್ಷಣೆ ಇಲ್ಲ". ಯಾರೂ ಹಾಗೆ ಬರೆ ಎಂದು ಹೇಳಿರಲಿಲ್ಲ. ಅಕ್ಷರ ದುಂಡಗೆ ಬಂದಿದೆ ಎಂದು ಮತ್ತೊಮ್ಮೆ ನೋಡಿಕೊಂಡದ್ದೂ ನೆನಪಿದೆ.

ನಿಂಗರಾಜುವಿನ ಮುಂದೆ "ರಕ್ಷಣೆ ಇದೆ". ಅವನು ಹಿಂದಿನ ವರ್ಷ ಒಂದು ಶಿಬಿರದಲ್ಲಿ ತೋಳಿಗೆ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದ. ಕೆಂಪಮ್ಮನ ಮುಂದೆ "ರಕ್ಷಣೆ ಇಲ್ಲ".

ಮುಂದಿನ ಹಂಗಾಮಿನಲ್ಲಿ ಫ್ಲೂ ಜೋರಾಗಿ ಬಂತು. ಆಗ ನಮ್ಮ ಆಸ್ಪತ್ರೆಯ ಮುಖ್ಯಸ್ಥರನ್ನು ನಾವು ದೊಡ್ಡ ಡಾಕ್ಟ್ರು ಎನ್ನುತ್ತಿದ್ದೆವು. ಅವರು ಪ್ರತಿಯೊಂದನ್ನೂ ವೈಜ್ಞಾನಿಕವಾಗಿ ಮಾಡಬೇಕು ಎನ್ನುವವರು. ಆ ಪದವನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ. ನನ್ನ ರಿಜಿಸ್ಟರು ತರಿಸಿಕೊಂಡು, ಸಂಖ್ಯೆಯ ಕಡೆ ನೋಡದೆ, ಕೊನೆಯ ಕಾಲಮಿನ ಮೇಲೆ ಬೆರಳಾಡಿಸುತ್ತ ಡ್ಯೂಟಿ ಪಟ್ಟಿ ಮಾಡಿದರು. "ಇದೆ" ಎಂದಿರುವವರು ಜ್ವರದ ವಾರ್ಡಿಗೆ. "ಇಲ್ಲ" ಎಂದಿರುವವರು ಹೊರಗಿನ ಕೆಲಸಕ್ಕೆ. ಆ ವರ್ಷದ ಲಸಿಕೆ ಕೆಲವೇ ಕೆಲವು ಬಂದಿತ್ತು, ಒಳ್ಳೆಯ ಮಾಸ್ಕೂ ಹಾಗೆಯೇ. ಎರಡನ್ನೂ "ಇಲ್ಲ" ಎಂದಿರುವ ಕಾಯಂ ಸಿಬ್ಬಂದಿಗೆ ಕೊಟ್ಟರು. ರಕ್ಷಣೆ ಇರುವವರಿಗೆ ಇವೆಲ್ಲ ಏಕೆ, ದಂಡ.

ಕೆಂಪಮ್ಮನನ್ನು ಏನು ಮಾಡಿದರು? ಗುತ್ತಿಗೆಯವಳು. ಜ್ವರದ ವಾರ್ಡಿಗೆಂದೇ ತೆಗೆದುಕೊಂಡವಳು. ಆ ವಾರ್ಡಿಗೆ ಅವಳು ಆಗುವುದಿಲ್ಲ ಎಂದಮೇಲೆ ಬೇರೆ ಕಡೆ ಜಾಗ ಇಲ್ಲ ಎಂದು ಏಜೆನ್ಸಿಯವನು ಕೈ ತೊಳೆದುಕೊಂಡ. ಇಷ್ಟು ವರ್ಷ ಆ ವಾರ್ಡನ್ನು ಕಾಪಾಡಿದವಳನ್ನು, ಅವಳ ರಕ್ಷಣೆಗಾಗಿಯೇ ಎಂದು ಹೇಳಿ, ಒಂದು ಬೆಳಿಗ್ಗೆ ಗೇಟಿನಿಂದ ವಾಪಸ್ ಕಳಿಸಿದರು.

ಅವಳು ಸೀದಾ ಲ್ಯಾಬಿಗೆ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ತೋಳು ಚಾಚಿದಳು.

"ನನ್ನ ರಕ್ತದಲ್ಲಿ ಅದೇನೋ ಇಲ್ವಂತೆ. ಇನ್ನೊಂದ್ ಕಿತ ನೋಡವ್ವ. ಸಂದಾಗಿ ನೋಡು."

ಆ ಪರೀಕ್ಷೆ ನಮ್ಮಲ್ಲಿ ಆಗುವುದಲ್ಲ. ಆದರೂ ರಕ್ತ ತೆಗೆದು, ಕಾಲೇಜಿನವರಿಗೆ ಕೈಕಾಲು ಹಿಡಿದು ಒಪ್ಪಿಸಿ ಕಳಿಸಿದೆ. ಕೆಂಪಮ್ಮ ವಾರಕ್ಕೊಮ್ಮೆ ಪೂರಿಗಾಲಿಯಿಂದ ಬಂದು ಕಿಟಕಿಯ ಹತ್ತಿರ ನಿಂತು "ಬಂತಾ?" ಎಂದು ಕೇಳಿ ಹೋಗುತ್ತಿದ್ದಳು. ಅಷ್ಟರಲ್ಲಿ ಊರಿನಲ್ಲಿ ಅವಳ ರಕ್ತ ಕೆಟ್ಟಿದೆಯಂತೆ ಎಂದು ಸುದ್ದಿಯಾಗಿತ್ತು. ಸೊಸೆ ಆಗಷ್ಟೇ ಹೆತ್ತಿದ್ದಳು. ಕೂಸನ್ನು ಇವಳ ಕೈಗೆ ಕೊಡಲು ಹಿಂಜರಿಯುತ್ತಿದ್ದಳು. "ಎತ್ಕಂಡ್ರೆ ಕೂಸಿಗೂ ಇಲ್ದಂಗಾಯ್ತದಾ ಮೇಡಮ್ಮ?" ಎಂದು ಕೆಂಪಮ್ಮ ಕೇಳಿದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹಾಗೇನೂ ಆಗದು, ಧೈರ್ಯವಾಗಿ ಎತ್ತಿಕೋ ಎಂದೆ. ಎರಡನೆಯ ಫಲಿತಾಂಶವೂ ಬಂತು. ಅದೇ ಕಡಿಮೆ ಸಂಖ್ಯೆ. ನಾನು ರಿಜಿಸ್ಟರಿನಲ್ಲಿ ಮತ್ತೆ ಅದೇ ಎರಡು ಪದ ಬರೆದೆ. ಹೌದು, ಮತ್ತೆ ಬರೆದೆ. ಕೈಗೆ ರೂಢಿಯಾಗಿಬಿಟ್ಟಿತ್ತು.

ಅವಳ ಮುಖ ನೋಡಲಾರದೆ ದೊಡ್ಡ ಡಾಕ್ಟ್ರ ಕೋಣೆಗೆ ಹೋದೆ. "ಸರ್, ಆ ಹೆಂಗಸು ಇಷ್ಟು ವರ್ಷ ಅಲ್ಲೇ ಇದ್ದಳು, ಮಲಗಿದ್ದು ಒಂದೇ ಸಲ. ನಾವೆಲ್ಲ ನೋಡಿದ್ದೇವೆ" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶಾಹಿದಾ ಅವರೇ, ಭಾವನೆ ಬೇರೆ, ವಿಜ್ಞಾನ ಬೇರೆ. ರಕ್ಷಣೆ ಇಲ್ಲ ಎಂದು ಬರೆದವರು ಯಾರು? ನೀವೇ ಅಲ್ಲವೇ? ನಾನು ನಿಮ್ಮ ಷರಾದಂತೆ ನಡೆದಿದ್ದೇನೆ."

ಆ ಮನುಷ್ಯನ ಮೇಲೆ ನನಗೆ ಎಷ್ಟು ಕೋಪವಿದೆ ಎಂದು ಬರೆದರೆ ಈ ಹಾಳೆ ಸಾಲದು. ಮೂಲ ಕಾಗದ ಅವರ ಫೈಲಿನಲ್ಲೇ ಇತ್ತು, ಸಣ್ಣ ಅಕ್ಷರ ಅವರಿಗೂ ಕಾಣುತ್ತಿತ್ತು. ಆದರೆ ಅವರು ಹೇಳಿದ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಉರಿಯುವುದು.

ನಿಂಗರಾಜು ಬೆಸಗರಹಳ್ಳಿಯವನು. ಚೀಟಿ ಬರೆಯುತ್ತಲೇ ರೋಗಿಗಳನ್ನು ನಗಿಸುವವನು. ಜ್ವರದ ವಾರ್ಡಿಗೆ ಹಾಕಿದಾಗ ಬೇಸರ ಮಾಡಿಕೊಳ್ಳಲಿಲ್ಲ. ಲ್ಯಾಬಿನ ಬಾಗಿಲಲ್ಲಿ ನಿಂತು ಎದೆ ತಟ್ಟಿಕೊಂಡು, "ನಂಗೆ ರಕ್ಷಣೆ ಅದೆ ಕಣಮ್ಮ, ನೀವೇ ಬರ್ದುಕೊಟ್ಟಿದ್ದೀರಿ. ಇನ್ನು ಯಮ ಬಂದ್ರೂ ಚೀಟಿ ಮಾಡ್ಸ್ಕಂಡೇ ಒಳೀಕೆ ಬರ್ಬೇಕು" ಎಂದ. ನಕ್ಕ. ನಾನೂ ನಕ್ಕೆ, ಅದನ್ನೂ ಬರೆದಿಡುತ್ತೇನೆ. ವಾರ ಕಳೆಯುವುದರೊಳಗೆ ಅವನ ಗಂಟಲಿಗೆ ನಾನೇ ಕಡ್ಡಿ ಹಾಕಬೇಕಾಯಿತು. ಕಡ್ಡಿ ಹಾಕುವಾಗ ಅವನು ತಮಾಷೆ ಮಾಡಲಿಲ್ಲ. ಉಸಿರು ಎಳೆದುಕೊಳ್ಳುವುದರಲ್ಲೇ ಇದ್ದ.

ಮಂಡ್ಯಕ್ಕೆ ಕರೆದೊಯ್ದರು, ಅಲ್ಲಿಂದ ಮೈಸೂರಿಗೆ. ಅಲ್ಲಿ ಯಂತ್ರದ ಉಸಿರಿನಲ್ಲಿ ಇಟ್ಟರು. ಬದುಕಿ ಬಂದ, ಅವನ ಹೆಂಡತಿಯ ಪುಣ್ಯ. ಆದರೆ ಬಂದವನು ಹಳೆಯ ನಿಂಗರಾಜು ಅಲ್ಲ. ಚೀಟಿ ಕೌಂಟರಿನ ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಒಂದು ತಮಾಷೆಯನ್ನು ಉಸಿರು ಸಾಲದೆ ಅರ್ಧಕ್ಕೆ ಬಿಟ್ಟುಬಿಡುತ್ತಿದ್ದ.

ಯಾರಿಗೂ ಏನೂ ಆಗಲಿಲ್ಲ. ದೊಡ್ಡ ಡಾಕ್ಟ್ರು ಬಡ್ತಿಯ ಮೇಲೆ ಹೋದರು, ಅವರಿಗೂ ಶಾಲು, ಹಣ್ಣಿನ ಬುಟ್ಟಿ. ರಿಜಿಸ್ಟರು ತುಂಬಿ ರೆಕಾರ್ಡ್ ರೂಮಿಗೆ ಹೋಯಿತು. ಏಜೆನ್ಸಿ ಬದಲಾಯಿತು, ಹೊಸ ಏಜೆನ್ಸಿ ಹೊಸಬರನ್ನು ತಂದಿತು. ಕೆಂಪಮ್ಮ ಒಂದೆರಡು ತಿಂಗಳು ಬಂದು ಕೇಳಿ, ಆಮೇಲೆ ಬರುವುದನ್ನು ಬಿಟ್ಟಳು. ಕಬ್ಬಿನ ಗದ್ದೆಯಲ್ಲಿ ಕೂಲಿಗೆ ಹೋಗುತ್ತಿದ್ದಾಳೆ ಎಂದು ಮಳವಳ್ಳಿ ಕಡೆಯವರು ಹೇಳಿದರು. ನಾನು ಒಂದು ದಿನವೂ ಹೋಗಿ ನೋಡಲಿಲ್ಲ. ಏನೆಂದು ಹೇಳಿ ಹೋಗುವುದು?

ನಿವೃತ್ತಿಯಾದ ಮೇಲೆ, ಇತ್ತೀಚೆಗೆ, ಮಂಡ್ಯದಲ್ಲಿ ಹೊಸ ಟೆಕ್ನಿಷಿಯನ್‌ಗಳ ತರಬೇತಿಗೆ ಕರೆದರು. ನನಗೆ ಕೊಟ್ಟ ವಿಷಯ ಕೇಳಿ: ರಿಜಿಸ್ಟರು ನಿರ್ವಹಣೆ. ನನಗಿಂತ ಮುಂಚೆ ಮಾತಾಡಿದವಳು ರಮ್ಯಾ ಎಂಬ ಹುಡುಗಿ, ಮಳವಳ್ಳಿಯವಳೇ, ಶ್ವಾಸಕೋಶದ ಕೋಶಗಳ ಮೇಲೆ ಸಂಶೋಧನೆ ಮಾಡುವ ಡಾಕ್ಟರು. ನನ್ನ ಮಾತು ಯಾವಾಗ ಮುಗಿಯುತ್ತದೋ, ಮದ್ದೂರು ಬಸ್ಸು ಯಾವಾಗ ಹಿಡಿಯುತ್ತೇನೋ ಎಂದು ಕೂತಿದ್ದವಳು ಅವಳ ಮಾತು ಕೇಳುತ್ತ ಕೇಳುತ್ತ ನೆಟ್ಟಗೆ ಕೂತೆ.

ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಫ್ಲೂ ಒಮ್ಮೆ ಶ್ವಾಸಕೋಶಕ್ಕೆ ಇಳಿದು ವಾಸಿಯಾದ ಮೇಲೆ, ಅದರೊಂದಿಗೆ ಹೋರಾಡಿದ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಎಂಬ ಜಾತಿಯ ಕೆಲವು ಅಲ್ಲೇ ಉಳಿದುಬಿಡುತ್ತವೆ. ಶ್ವಾಸಕೋಶದಲ್ಲೇ ಮನೆ ಮಾಡಿಕೊಳ್ಳುತ್ತವೆ. ಅವಕ್ಕೆ ಆ ರೋಗದ ನೆನಪಿರುತ್ತದೆ, ಅದಕ್ಕೇ ಸ್ಮರಣ ಟಿ ಕೋಶ ಎನ್ನುವುದು. ಮತ್ತೆ ಫ್ಲೂ ಬಂದರೆ, ಸೋಂಕು ತಗುಲಿದ ಕೋಶವನ್ನು ಗುರುತಿಸಿ ಮೊದಲ ದಿನಗಳಲ್ಲೇ ಮುಗಿಸುತ್ತವೆ, ಬೇರೆಯವರನ್ನೂ ಕೂಗಿ ಕರೆಯುತ್ತವೆ. ಸೋಂಕು ಬರುವುದನ್ನೇ ಅವು ತಡೆಯುವುದಿಲ್ಲ, ಬಂದದ್ದು ಕೆಳಗಿಳಿದು ಬಲಿಯದಂತೆ ನೋಡಿಕೊಳ್ಳುತ್ತವೆ. ವೈರಸ್ಸು ವರ್ಷ ವರ್ಷವೂ ಹೊರಮೈ ಬದಲಿಸುತ್ತದೆ, ಹಳೆಯ ಪ್ರತಿಕಾಯಕ್ಕೆ ಗುರುತು ಸಿಗುವುದಿಲ್ಲ. ಟಿ ಕೋಶಗಳು ನೋಡುವುದು ಹೆಚ್ಚಾಗಿ ಅದರ ಒಳಗಿನ ಭಾಗವನ್ನು, ಅದು ಅಷ್ಟು ಬೇಗ ಬದಲಾಗುವುದಿಲ್ಲ.

ನನಗೆ ತಕ್ಷಣ ಹೊಳೆದದ್ದು ನಮ್ಮ ಲೈನ್‌ಮನ್. ಅಪ್ಪನ ಅಂಗಡಿಗೆ ಬರುತ್ತಿದ್ದ ಹಳ್ಳಿಯವರು ಹೇಳುತ್ತಿದ್ದರು, ಲೈನ್‌ಮನ್ ಊರೊಳಗೇ ಮನೆ ಮಾಡಿದ್ದರೆ ಕರೆಂಟು ಹೋಗುತ್ತಿದ್ದಂತೆ ಕಂಬ ಹತ್ತುತ್ತಾನೆ, ಪಟ್ಟಣದಿಂದ ಬರಬೇಕಾದರೆ ಅಷ್ಟರಲ್ಲಿ ಮೋಟಾರು ಸುಟ್ಟಿರುತ್ತದೆ ಎಂದು. ಈ ಕೋಶಗಳು ಊರೊಳಗಿನ ಲೈನ್‌ಮನ್ನು. ದಾರಿಯಲ್ಲಿ ನಿಂತು ಹುಡುಕಿದರೆ ಸಿಗುವವನಲ್ಲ. ಅಲ್ಲಿಗೆ ಎದ್ದು ನಿಂತೆ.

"ಅಮ್ಮಾ, ಹಾಗಾದರೆ ಅವು ರಕ್ತದಲ್ಲಿ ಕಾಣುವುದಿಲ್ಲವಾ?"

"ಇಲ್ಲ ಮೇಡಂ" ಎಂದಳು ರಮ್ಯಾ. "ರಕ್ತದಲ್ಲಿ ಓಡಾಡೋ ಟಿ ಕೋಶಗಳು ಬೇರೆ ಇವೆ. ಇವು ಶ್ವಾಸಕೋಶ ಬಿಟ್ಟು ಹೊರಗೆ ಬರೋದೇ ಅಪರೂಪ. ತೋಳಿನಿಂದ ತೆಗೆದ ರಕ್ತದಲ್ಲಿ ಇವನ್ನ ಲೆಕ್ಕ ಹಾಕೋಕಾಗಲ್ಲ."

"ಮತ್ತೆ ನೀವು ಹೇಗೆ ನೋಡುತ್ತೀರಿ?"

"ಆಪರೇಷನ್‌ನಲ್ಲಿ ತೆಗೆದ ಶ್ವಾಸಕೋಶದ ಚೂರು ಸಿಕ್ಕರೆ ಅದರಲ್ಲಿ. ಇಲ್ಲವಾದರೆ ಕೊಳವೆ ಇಳಿಸಿ ಒಳಗೆ ತೊಳೆದು ತೆಗೆದ ನೀರಲ್ಲಿ. ಇಲಿಗಳಲ್ಲಿ ಹೆಚ್ಚು ಗೊತ್ತಾಗಿದೆ, ಮನುಷ್ಯರಲ್ಲಿ ಇನ್ನೂ ಕಲೀತಾ ಇದ್ದೀವಿ."

ಮೂವತ್ತಕ್ಕೂ ಹೆಚ್ಚು ವರ್ಷ ತೋಳಿಗೆ ಸೂಜಿ ಹಾಕಿ, ರಕ್ತದಲ್ಲಿ ಕಾಣದ್ದು ಮನುಷ್ಯನಲ್ಲೇ ಇಲ್ಲ ಎಂದು ಬರೆದವಳು ನಾನು. ಊಟದ ಹೊತ್ತಿಗೆ ಅವಳನ್ನು ಮೂಲೆಗೆ ಕರೆದು ಕೆಂಪಮ್ಮ, ನಿಂಗರಾಜು ಇಬ್ಬರ ಕಥೆಯನ್ನೂ ಹೇಳಿದೆ. ನಿಂಗರಾಜು ವಿಷಯಕ್ಕೆ ಅವಳ ಮುಖ ಕೆಂಪಗಾಯಿತು. "ಹಳೇ ಲಸಿಕೆಯಿಂದ ಬಂದ ಹಳೇ ಪ್ರತಿಕಾಯ ಅದು. ಅದನ್ನ ನಂಬಿ ಆ ವರ್ಷದ ಲಸಿಕೆಯನ್ನೂ ಮಾಸ್ಕನ್ನೂ ಕಿತ್ತುಕೊಂಡರಲ್ಲ, ಅದು ವಿಜ್ಞಾನನಾ ಮೇಡಂ? ಪ್ರತಿ ವರ್ಷ ಹಾಕಿಸ್ಕೊಳ್ಳಿ ಅಂತ ಬಡ್ಕೊಳ್ಳೋದು ಇದಕ್ಕೇ ಅಲ್ವಾ" ಎಂದಳು. ನಾನು ಅವಸರ ತಡೆಯಲಾರದೆ, "ಕೆಂಪಮ್ಮನ ಎದೆಯಲ್ಲಿ ಆ ಕೋಶಗಳು ಇದ್ದವು ಅಲ್ಲವಾ? ಅದಕ್ಕೇ ಅವಳು ಮಲಗುತ್ತಿರಲಿಲ್ಲ. ಅವಳಿಗೆ ಹೇಳಿಬರುತ್ತೇನೆ" ಎಂದೆ.

ರಮ್ಯಾ ಅನ್ನ ಕಲೆಸುವುದನ್ನು ನಿಲ್ಲಿಸಿದಳು. "ಇರಬಹುದು ಮೇಡಂ. ಆದರೆ ಯಾರೂ ನೋಡಿಲ್ಲವಲ್ಲ. ಆ ಕೋಶಗಳು ಕಾಲ ಕಳೆದ ಹಾಗೆ ಕಡಿಮೆ ಆಗ್ತವೆ. ಮತ್ತೆ ಮತ್ತೆ ಸೋಂಕು ತಾಗಿ ಅವರಲ್ಲಿ ಉಳಿದಿದ್ದವೋ, ಬೇರೆ ಏನಾದರೂ ಕಾರಣವೋ, ಬರೀ ಅದೃಷ್ಟವೋ. ಇತ್ತು ಅಂತ ನಾನು ಹೇಳಲಾರೆ."

ಅವಳ ಮೇಲೂ ಒಂದು ಕ್ಷಣ ಸಿಟ್ಟು ಬಂತು. ಕಣ್ಣೀರು ಒರೆಸಲು ಒಂದು ಮಾತು ಸಿಕ್ಕಿತ್ತು, ಅದನ್ನೂ ಕಿತ್ತುಕೊಂಡಳಲ್ಲ ಎಂದು. ಮಧ್ಯಾಹ್ನ ಹೊಸ ಮಕ್ಕಳ ಮುಂದೆ ನಿಂತು, ನಾಲ್ಕು ಹಾಳೆ ಬರೆದುಕೊಂಡು ಹೋಗಿದ್ದ ಭಾಷಣ ಮಡಚಿಟ್ಟು, ಷರಾ ಕಾಲಮಿನ ಕಥೆ ಹೇಳಿದೆ. ಒಬ್ಬಳು ಎದ್ದು ಕೇಳಿದಳು, "ಖಾಲಿ ಬಿಟ್ಟರೆ ಡಾಕ್ಟ್ರು ಬೈತಾರಲ್ಲ ಮೇಡಂ?" ಬೈಸಿಕೋ ಎಂದೆ. ಚನ್ನಪ್ಪನವರ ಬೈಗುಳ ನನಗೆ ಇನ್ನೂ ನಾಲ್ಕು ಸಲ ಬಿದ್ದಿದ್ದರೆ ಒಳ್ಳೆಯದಿತ್ತು. ವಾಪಸ್ ಬಸ್ಸಿನಲ್ಲಿ ಬರುವಾಗ ಮದ್ದೂರಿನಲ್ಲಿ ಒಂದು ಹೊಸ ಬೋರ್ಡು ಕಂಡೆ: ರೋಗನಿರೋಧಕ ಶಕ್ತಿ ಇದೆಯೇ, ಒಂದೇ ರಕ್ತ ಪರೀಕ್ಷೆಯಲ್ಲಿ ತಿಳಿಯಿರಿ. ಕಲ್ಲು ತೆಗೆದು ಹೊಡೆಯೋಣ ಎನಿಸಿತು. ಆಮೇಲೆ, ಆ ಬೋರ್ಡಿನವನಿಗಿಂತ ಮುಂಚೆ ಅದೇ ಕೆಲಸವನ್ನು ದುಂಡಗಿನ ಅಕ್ಷರದಲ್ಲಿ ಮಾಡಿದವಳು ನಾನೇ ಎಂದು ನೆನಪಾಗಿ ಮುಖ ಕಿಟಕಿಗೆ ತಿರುಗಿಸಿಕೊಂಡೆ.

ಮುಂದಿನ ಭಾನುವಾರ ಮಳವಳ್ಳಿ ಬಸ್ಸು ಹತ್ತಿ, ಅಲ್ಲಿಂದ ಪೂರಿಗಾಲಿಗೆ ಹೋದೆ. ಕೆಂಪಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಪಕ್ಕದಲ್ಲಿ ಮೊಮ್ಮಗಳು, ಶಾಲೆಗೆ ಹೋಗುವಷ್ಟು ಬೆಳೆದಿದ್ದವಳು, ಕಾಳು ಆರಿಸುತ್ತಿದ್ದಳು. ನನ್ನನ್ನು ನೋಡಿ ಕೆಂಪಮ್ಮ ಎದ್ದು ಚಾಪೆ ಹಾಸಿದಳು. "ರಕ್ತದ ಮೇಡಮ್ಮ ಬಂದವ್ರೆ, ಕಾಪಿ ಕಾಸು" ಎಂದು ಒಳಗೆ ಕೂಗಿದಳು. ಆ ಮರ್ಯಾದೆಗೆ ನಾನು ಯೋಗ್ಯಳಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ, ಚಾಪೆಯ ಮೇಲೆ ಕೂತು ನಾನೂ ಕಾಯಿ ಸುಲಿದೆ.

ಎಲ್ಲವನ್ನೂ ಹೇಳಿದೆ. ಷರಾ ನಾನೇ ಬರೆದದ್ದು, ಯಾರೂ ಹೇಳಿರಲಿಲ್ಲ ಎಂದೂ ಹೇಳಿದೆ. 

"ಗೊತ್ತು ಬುಡಿ" ಎಂದಳು. "ನಿಂಗ್ರಾಜ ಆವತ್ತೇ ಓದಿ ಯೋಳ್ದ. ಅದ್ಕೇ ನಿಮ್ಮತ್ರನೇ ಬತ್ತಿದ್ದೆ, ನೀವು ಬರ್ದಿದ್ದ ನೀವೇ ತಿದ್ದೀರಿ ಅಂತ."

ನನ್ನ ಕೈ ನಿಂತಿತು. ಅವಳದು ನಿಲ್ಲಲಿಲ್ಲ. ಆಮೇಲೆ ಶ್ವಾಸಕೋಶದಲ್ಲಿ ಮನೆ ಮಾಡುವ ಕೋಶಗಳ ವಿಷಯ, ಲೈನ್‌ಮನ್ ವಿಷಯ, ಅವು ರಕ್ತದಲ್ಲಿ ಕಾಣುವುದಿಲ್ಲ ಎಂಬ ವಿಷಯ ಹೇಳಿದೆ. ಕೆಂಪಮ್ಮ ಮೊರ ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿ ಕೂತಳು. ಒಳಗಿನಿಂದ ಸೊಸೆಯೂ ಬಾಗಿಲಿಗೆ ಬಂದು ನಿಂತಳು.

"ಅಂಗಾರೆ ನನ್ನೆದೆಲಿ ಅವು ಇದ್ವಾ, ಇರ್ನಿಲ್ವಾ?"

"ಇದ್ದವು" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೊಸೆ ಕೇಳಿಸಿಕೊಳ್ಳುತ್ತಿದ್ದಳು, ಮೊಮ್ಮಗಳು ಬಾಯಿ ಬಿಟ್ಟು ನೋಡುತ್ತಿದ್ದಳು. ಆ ಒಂದು ಮಾತಿನಿಂದ ಇಷ್ಟು ವರ್ಷದ ಮುಜುಗರ ತೊಳೆದುಹೋಗುತ್ತಿತ್ತು, ನನ್ನದೂ ಒಂದಿಷ್ಟು ಹೋಗುತ್ತಿತ್ತು. ಬರೆಯಲು ಕಾಲಮು ಮತ್ತೆ ಖಾಲಿ ಇತ್ತು.

"ಗೊತ್ತಿಲ್ಲ ಕೆಂಪಮ್ಮ" ಎಂದೆ. "ಯಾರೂ ನೋಡಿಲ್ಲ. ಇದ್ದಿರಬಹುದು."

"ಆವತ್ತು ಗೊತ್ತಿತ್ತಾ?"

"ಆವತ್ತೂ ಗೊತ್ತಿರಲಿಲ್ಲ."

ಮೊರವನ್ನು ಮತ್ತೆ ಮುಂದಕ್ಕೆಳೆದುಕೊಂಡು ಒಂದು ಕಾಯಿ ಕೈಗೆತ್ತಿಕೊಂಡಳು.

"ಅಂಗಂತ್ಲೇ ಬರ್ದಿದ್ರೆ ಆಯ್ತಿತ್ತಲ್ಲ, ಸಾಯಿದಮ್ಮ."